ನಮ್ಮ ಚರ್ಚಿನ ಸಭೆಯಲ್ಲಿ ದೀನ ಸೇವಕರು ಯಾರೂ ಕಾಣುತ್ತಿಲ್ಲ, ಯಾರನ್ನು ನೋಡಿ ಕಲಿಯಲಿ?

ನಾನೂ ಇದನ್ನೇ ಕೇಳಿಕೊಂಡು ಓಡಾಡಿದವನು. ಕುಷ್ಠರೋಗಿಗಳ ಸೇವೆ ಮಾಡಿದ ಫಾದರ್ ಡೇಮಿಯನ್, ಮದರ್ ತೆರೇಸಾ ಬಗ್ಗೆ ಓದಿದ್ದೀರಿ, ನಿಮ್ಮ ಸಭೆಯಲ್ಲಿ ಅಂಥವರು ಒಬ್ಬರೂ ಇಲ್ಲ ಅಂತೀರಿ. ಇದ್ದಾರೆ. ನೀವು ಪೀಠದ ಕಡೆ ನೋಡ್ತಿದ್ದೀರಿ, ಅಷ್ಟೇ.

ನಮ್ಮದು ಗದಗ-ಬೆಟಗೇರಿ ಕಡೆಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಆಗ ನಾನು ಯುವಜನ ಸಂಘದ ಕಾರ್ಯದರ್ಶಿ, ಮೈಕ್ ಸಿಕ್ಕರೆ ಬಿಡುವ ಆಸಾಮಿಯಲ್ಲ. ನಿವೃತ್ತರಾದ ಅಕ್ಕೋರು (ಶಾಲೆಯ ಟೀಚರ್) ಒಬ್ಬರು, ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದ ಹೆಂಗಸಿನ ಮನೆಗೆ ದಿನಾ ಬೆಳಿಗ್ಗೆ ಹೋಗಿ ಮೈ ಒರೆಸಿ, ಮಗ್ಗಲು ಬದಲಿಸಿ ಬರುತ್ತಿದ್ದರು. ಅದು ಹೇಗೋ ನನ್ನ ಕಿವಿಗೆ ಬಿತ್ತು. ಸುಗ್ಗಿ ಹಬ್ಬದ ಹರಾಜು ಮುಗಿದ ಕೂಡಲೇ ಅವರನ್ನು ಮುಂದೆ ಕರೆದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟೆ.

ಸನ್ಮಾನವೇ ಬೇಡಿತ್ತು, ಅದಿರಲಿ. ಕೆಟ್ಟದ್ದು ಆಮೇಲೆ. ಯಾರ ಮನೆಗೆ ಹೋಗುತ್ತಾರೆ ಅಂತಲೂ ಮೈಕಿನಲ್ಲಿ ಹೇಳಿಬಿಟ್ಟೆ. ಹೆಸರಿದ್ದರೆ ಸಾಕ್ಷಿಗೆ ತೂಕ ಬರುತ್ತದೆ ಅನ್ನೋ ಲೆಕ್ಕ ನನ್ನದು. ಆ ಹೆಂಗಸಿನ ಮಗ ಅಲ್ಲೇ ಕೂತಿದ್ದ. ಅವ್ವನ ಮೈ ತೊಳೆಯೋಕೆ ಹೊರಗಿನವರು ಬರ್ತಾರೆ ಅನ್ನೋದು ಇಡೀ ಸಭೆಗೆ ಗೊತ್ತಾಯಿತು. ಅಕ್ಕೋರನ್ನು ಕೇಳಿರಲಿಲ್ಲ, ಆ ಮನೆಯವರನ್ನೂ ಕೇಳಿರಲಿಲ್ಲ. ಕೇಳಿದರೆ ಬೇಡ ಅಂತಾರೆ ಅನ್ನೋದು ಒಳಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಮರುದಿನ ಅಕ್ಕೋರನ್ನು ಬಾಗಿಲಲ್ಲೇ ವಾಪಸ್ ಕಳಿಸಿದರು. ಆಮೇಲೆ ಹಾಸಿಗೆ ಹಿಡಿದಿದ್ದ ಆ ಹೆಂಗಸಿಗೆ ಬೆನ್ನ ಮೇಲೆ ಹುಣ್ಣಾಯಿತು.

ಅಕ್ಕೋರು ಬೈಯಲಿಲ್ಲ. "ತಮ್ಮಾ, ನನ್ನ ಏನರೆ ಹೊಗಳ್ಕೋ. ಆ ಮನಿ ಹೆಸರು ಯಾಕ ತಗದಿ?" ಅಂದರು.

ಎಷ್ಟೋ ದಿನದ ಮೇಲೆ ಇನ್ನೊಬ್ಬ ಅಜ್ಜಿಯ ಮನೆಗೆ ನನ್ನನ್ನೂ ಕರೆದುಕೊಂಡು ಹೋದರು. ಬಿಸಿನೀರಿನ ಬಕೆಟ್ ಕೊಟ್ಟು, "ಗ್ವಾಡಿ ಕಡೆ ಮಾರಿ ಮಾಡಿ ನಿಂದ್ರು" ಅಂದರು. ನನ್ನ ಬೆನ್ನ ಹಿಂದೆ ಅವರಿಬ್ಬರದು ಜೋಳದ ರಾಶಿಯ ಮಾತು ನಡೆದಿತ್ತು. ಅಜ್ಜಿಗೆ ಚಾದರ ಹೊದಿಸಿ, ಒರೆಸುವಷ್ಟೇ ತೆರೆದು ಮತ್ತೆ ಮುಚ್ಚುತ್ತಾರಂತೆ. ಇದನ್ನು ದಾರಿಯಲ್ಲಿ ಬರುವಾಗ, ನಾನು ಕೇಳಿದ ಮೇಲೆ ಹೇಳಿದರು.

ಡೇಮಿಯನ್ 1873ರಲ್ಲಿ ಹವಾಯಿಯ ಮೊಲೊಕಾಯ್ ದ್ವೀಪದ ಕುಷ್ಠರೋಗಿಗಳ ನಡುವೆ ಹೋದರು, 1889ರಲ್ಲಿ ಅದೇ ರೋಗದಿಂದ ತೀರಿಕೊಂಡರು. ಪ್ರಸಂಗಗಳಲ್ಲಿ ನಾವು ಕೇಳೋದು ಇಷ್ಟೇ. ನಡುವಿನ ವರ್ಷಗಳಲ್ಲಿ ಅವರು ಹುಣ್ಣಿಗೆ ಪಟ್ಟಿ ಕಟ್ಟಿದರು, ಶವಪೆಟ್ಟಿಗೆ ಮಾಡಿದರು, ಹೂಳಲು ಗುಂಡಿ ತೋಡಿದರು. ಓದುವುದಾದರೆ ಅದನ್ನು ಓದಿ.

ಮಾದರಿ ಹುಡುಕೋದು ಬಿಡಿ. ದೀನತೆ ಕಲಿಯಬೇಕು ಅನ್ನೋ ಆಸೆಯ ಮೇಲೇ ನನಗೆ ಅನುಮಾನ, ನನ್ನ ಆಸೆಯಲ್ಲಿ ಅರ್ಧ ಹೊಗಳಿಕೆಯ ಹಸಿವೇ ಇತ್ತು. ಮುಂದಿನ ಪ್ರೀತಿಭೋಜನ ಮುಗಿದ ಮೇಲೆ ಹಿತ್ತಲಿಗೆ ಹೋಗಿ, ತಳ ಹತ್ತಿದ ಅನ್ನದ ಪಾತ್ರೆ ಹಿಡಿದು ಕೂತುಕೊಳ್ಳಿ. ಪಕ್ಕದಲ್ಲಿ ಯಾರು ತಿಕ್ಕುತ್ತಿದ್ದಾರೋ ನೋಡಿ. ವಾರದ ದಿನ ಅವರು ಯಾರ ಮನೆಗಾದರೂ ಹೋಗುತ್ತಿದ್ದರೆ, ಜೊತೆಗೆ ಹೋಗಿ, ಅವರು ಕರೆದರೆ ಮಾತ್ರ. ಮೊಬೈಲ್ ಮನೆಯಲ್ಲೇ ಇರಲಿ.