ಸಂಪಾದಕರ ಉತ್ತರ: ಮತಾಂತರ ಕಾಯ್ದೆ ಬೇಡ, ಪಾನನಿಷೇಧ ಬೇಕೆ?

ಕೋಲಾರ ಚಿನ್ನದ ಗಣಿ ಪ್ರದೇಶದ (ಕೆಜಿಎಫ್) ರಾಬರ್ಟ್‌ಸನ್‌ಪೇಟೆಯ ಓದುಗರಿಗೆ ವಂದನೆಗಳು.

ಮತಾಂತರವನ್ನು ನಿರ್ಬಂಧಿಸುವ 2022ರ ರಾಜ್ಯ ಕಾಯ್ದೆಯನ್ನು ವಿರೋಧಿಸುವ ಕ್ರೈಸ್ತರೇ ಪೂರ್ಣ ಪಾನನಿಷೇಧವನ್ನು ಕೇಳುವುದು ದ್ವಂದ್ವ ನಿಲುವಲ್ಲವೇ, ಅಧಿಕಾರಿಗಳಿಗೆ ಅಧೀನರಾಗಿರಬೇಕೆಂದು ಬೈಬಲಿನಲ್ಲಿ ಅಪೊಸ್ತಲ ಪೌಲನೇ ರೋಮಾಪುರದ ಕ್ರೈಸ್ತರಿಗೆ ಪತ್ರ ಬರೆದಿರುವಾಗ ಸರ್ಕಾರಕ್ಕೆ ಮಿತಿ ಹಾಕಲು ನಾವು ಯಾರು ಎಂದು ತಾವು ಕೇಳಿದ್ದೀರಿ. ತಮ್ಮ ಮೊದಲ ಆಕ್ಷೇಪ ನ್ಯಾಯವಾದದ್ದು. ಎರಡನೆಯದನ್ನು ನಾವು ಒಪ್ಪಲಾರೆವು.

ಪೌಲನು ಆ ಪತ್ರದ ಅದೇ 13ನೇ ಅಧ್ಯಾಯದಲ್ಲಿಯೇ ಅಧಿಕಾರಿಯ ಕೆಲಸವೇನೆಂಬುದನ್ನೂ ಹೇಳಿದ್ದಾನೆ: ಕೆಟ್ಟದ್ದನ್ನು ಮಾಡುವವನನ್ನು ದಂಡಿಸುವುದು. ಮನಸ್ಸಾಕ್ಷಿಯನ್ನು ಆಳುವ ಅಧಿಕಾರವನ್ನು ಅವನು ಯಾರಿಗೂ ಕೊಟ್ಟಿಲ್ಲ. ಮನುಷ್ಯರಿಗಿಂತ ದೇವರಿಗೇ ವಿಧೇಯರಾಗಬೇಕೆಂದು ಯೇಸುವಿನ ಶಿಷ್ಯ ಪೇತ್ರನು ಹೇಳಿದ್ದು ಯೆಹೂದ್ಯರ ಉಚ್ಚ ನ್ಯಾಯಮಂಡಳಿಯಾದ ಹಿರೀಸಭೆಯ ಎದುರಿನಲ್ಲಿಯೇ. ಅದಕ್ಕೂ ಬಹಳ ಹಿಂದೆ, ಅರಸ ಬೇಕೆಂದು ಹಟ ಹಿಡಿದ ಇಸ್ರಾಯೇಲ್ಯರಿಗೆ ಪ್ರವಾದಿ ಸಮುವೇಲನು, ಆ ಅರಸನು ನಿಮ್ಮ ಮಕ್ಕಳನ್ನು ತನ್ನ ರಥಗಳ ಚಾಕರಿಗೆ ಹಚ್ಚುವನು, ಬೆಳೆಯಲ್ಲಿ ಹತ್ತರಲ್ಲೊಂದು ಪಾಲನ್ನು ಕಿತ್ತುಕೊಳ್ಳುವನು ಎಂದು ಎಚ್ಚರಿಸಿದ್ದನು. (ಹತ್ತರಲ್ಲೊಂದಕ್ಕೇ ಅಷ್ಟು ಕಳವಳಪಟ್ಟ ಪ್ರವಾದಿ ನಮ್ಮ ಕಾಲದ ತೆರಿಗೆಗಳನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ!)

ಬಲವಂತವನ್ನೂ ವಂಚನೆಯನ್ನೂ ತಡೆಯುವುದು ಸರ್ಕಾರದ ಕೆಲಸವೇ ಹೌದು. ಆದರೆ 2022ರ ಕಾಯ್ದೆಯು, ಸ್ವಇಚ್ಛೆಯಿಂದ ಮತ ಬದಲಿಸುವವನೂ 30 ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ಘೋಷಣೆ ಸಲ್ಲಿಸಬೇಕು, ಅದನ್ನು ಸೂಚನಾ ಫಲಕದಲ್ಲಿ ಪ್ರಕಟಿಸಿ ಆಕ್ಷೇಪಗಳನ್ನು ಕರೆಯಬೇಕು ಎಂದು ವಿಧಿಸಿತು. ಒಬ್ಬನ ನಂಬಿಕೆಗೆ ಊರಿನವರ ಆಕ್ಷೇಪವೇಕೆ? ಈ ಪ್ರಶ್ನೆಯನ್ನು ನಾವು ಕ್ರೈಸ್ತ ಸಭೆಗೆ ಸೇರುವವನ ಪರವಾಗಿ ಕೇಳಿದಷ್ಟೇ ಗಟ್ಟಿಯಾಗಿ ಸಭೆಯನ್ನು ಬಿಟ್ಟು ಹೋಗುವವನ ಪರವಾಗಿಯೂ ಕೇಳಬೇಕು. ಇಲ್ಲವಾದರೆ ನಾವು ಕೇಳುತ್ತಿರುವುದು ನಮ್ಮವರಿಗೆ ರಿಯಾಯಿತಿಯನ್ನೇ ಹೊರತು ಸ್ವಾತಂತ್ರ್ಯವನ್ನಲ್ಲ.

ಇನ್ನು ಪಾನನಿಷೇಧ. ಕೋಲಾರದಲ್ಲಿ ಆಸ್ಪತ್ರೆ ಕಟ್ಟಿದ, ಮೆಥಡಿಸ್ಟ್ ಎಂಬ ಪ್ರಾಟೆಸ್ಟೆಂಟ್ ಸಭೆಯ ಮಿಷನ್‌ನ ಮೂಲನೆಲೆಯಾದ ಅಮೆರಿಕದಲ್ಲಿ, ಅದೇ ಸಭೆಯವರು ನಿಷೇಧ ಚಳವಳಿಯ ಮುಂಚೂಣಿಯಲ್ಲಿದ್ದರು. 1920ರಲ್ಲಿ ಜಾರಿಗೆ ಬಂದ ನಿಷೇಧವು ಕಳ್ಳಸಾರಾಯಿಯ ದಂಧೆಯನ್ನೂ ಅದನ್ನು ನಡೆಸುವ ಗೂಂಡಾ ಗುಂಪುಗಳನ್ನೂ ಬೆಳೆಸಿ 1933ರಲ್ಲಿ ರದ್ದಾಯಿತು. ಕುಡಿದು ಹೆಂಡತಿಯನ್ನು ಹೊಡೆಯುವವನ ಮನೆಗೆ ಪೊಲೀಸರು ಬರಲೇಬೇಕು. ಕುಡಿತವನ್ನು ಬಿಡಿಸುವುದು ಮನೆಯವರ, ಸಭೆಯ, ವೈದ್ಯರ ಕೆಲಸ.

ಹಾಗೆಂದು ಸರ್ಕಾರವು ಎಲ್ಲದರಿಂದಲೂ ಕೈ ತೊಳೆದುಕೊಳ್ಳಲಿ ಎನ್ನುವವರೂ ನಾವಲ್ಲ. ಕೆಲಸ, ಮನೆ, ನೀರು, ಆಸ್ಪತ್ರೆ ಎಲ್ಲವೂ ಒಂದೇ ಸರ್ಕಾರಿ ಗಣಿ ಕಂಪನಿಯನ್ನು ನಂಬಿಕೊಂಡಿದ್ದ ತಮ್ಮ ಊರು 2001ರಲ್ಲಿ ಗಣಿ ಮುಚ್ಚಿದಾಗ ಪಟ್ಟ ಪಾಡನ್ನು ತಾವು ನಮಗಿಂತ ಚೆನ್ನಾಗಿ ಬಲ್ಲಿರಿ. ಸರ್ಕಾರವು ಊರಿನ ಬದುಕನ್ನೆಲ್ಲ ತನ್ನ ಕೈಯಲ್ಲಿ ಹಿಡಿದಿಟ್ಟುಕೊಂಡದ್ದು ಮೊದಲ ತಪ್ಪು. ಆ ಕೈಯನ್ನು ಒಮ್ಮೆಲೇ ಬಿಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು.

ಆದುದರಿಂದ ಪೂರ್ಣ ನಿಷೇಧದ ಬೇಡಿಕೆಯನ್ನು ಈ ಪತ್ರಿಕೆ ಬೆಂಬಲಿಸುವುದಿಲ್ಲ. ಶಾಲೆಯ ಪಕ್ಕದಲ್ಲಿ ಮದ್ಯದಂಗಡಿಗೆ ಪರವಾನಗಿ ಕೊಡಬಾರದೆಂದು ಅಬಕಾರಿ ಇಲಾಖೆಗೆ ಅರ್ಜಿ ಬರೆಯುವುದಾದರೆ, ಅದಕ್ಕೆ ನಮ್ಮ ಸಹಿಯೂ ಇರುತ್ತದೆ.