ಉಬುಂಟು 24.04ಕ್ಕೆ ಅಪ್‌ಗ್ರೇಡ್ ಮಾಡಿದ ಮೇಲೆ ವೇಬ್ರಿಡ್ಜ್ ಪ್ರೋಗ್ರಾಂ ಏಳ್ತಿಲ್ಲ, ಹಳೇ ಉಬುಂಟುಗೇ ವಾಪಸ್ ಹೋಗಬೇಕಾ?

ಬೇಡ, ವಾಪಸ್ ಹೋಗಬೇಡಿ. ನಿಮ್ಮ ಪ್ರಶ್ನೆಯಿಂದ ನನಗೆ ಗೊತ್ತಾಗಿದ್ದು ಇಷ್ಟು: ಮಂಡ್ಯದ ಹತ್ತಿರ ಕಬ್ಬು ತೂಗುವ ವೇಬ್ರಿಡ್ಜ್, ಅದರ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಆದ ಉಬುಂಟುವನ್ನು 22.04ರಿಂದ 24.04ಕ್ಕೆ ಏರಿಸಿದ್ದೀರಿ, ಪೈಥಾನ್ ಭಾಷೆಯ ಪ್ರೋಗ್ರಾಂ ನಿಂತುಹೋಗಿದೆ. ಹಳೇ ಪ್ಯಾಕೇಜ್‌ಗಳನ್ನು ಹೊಸ ಫೋಲ್ಡರ್‌ಗೆ ಕಾಪಿ ಮಾಡಿದಾಗ ಪೈಸೀರಿಯಲ್ (ಸೀರಿಯಲ್ ಪೋರ್ಟ್ ಓದುವ ಪ್ಯಾಕೇಜ್) ಬಂತು, ಸೈಕೋಪಿಜಿ2 (ಪೋಸ್ಟ್‌ಗ್ರೆಸ್ ಡೇಟಾಬೇಸ್ ಜೊತೆ ಮಾತಾಡುವ ಪ್ಯಾಕೇಜ್) ಬರಲಿಲ್ಲ. ಮುಂಚೆ ಇದ್ದವರು ಇಂಡಿಕೇಟರ್‌ನಿಂದ (ತೂಕ ತೋರಿಸುವ ಪೆಟ್ಟಿಗೆ) ತೂಕ ಓದಲು ಸಿ ಭಾಷೆಯಲ್ಲಿ ಬರೆದಿಟ್ಟ ಎಕ್ಸ್‌ಟೆನ್ಷನ್ (ಪೈಥಾನ್‌ಗೆ ಜೋಡಿಸುವ ಕೋಡ್) ಬಿಲ್ಡ್ ಮಾಡಲು ಹೋದರೆ ‘ಡಿಸ್ಟ್‌ಯುಟಿಲ್ಸ್ ಇಲ್ಲ’ ಅನ್ನುತ್ತಿದೆ, ಅಂದರೆ ಬಿಲ್ಡ್‌ಗೆ ಬೇಕಾದ ಹಳೇ ಪೈಥಾನ್ ಪರಿಕರ ಸಿಗುತ್ತಿಲ್ಲ.

ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಇಂಥದ್ದೇ ಯಂತ್ರಗಳನ್ನು ನೋಡಿಕೊಳ್ಳುವವನು. ಮೊದಲು ತುರ್ತಿನ ಮಾತು. ಕಡಿದ ಕಬ್ಬು ಹೊತ್ತು ಕಳೆದಂತೆ ಒಣಗಿ ತೂಕ ಇಳಿಯುತ್ತೆ, ಆ ನಷ್ಟ ರೈತರದ್ದು. ಟ್ರ್ಯಾಕ್ಟರ್‌ಗಳು ಸಾಲಾಗಿ ನಿಂತಿದ್ದರೆ ರಿಪೇರಿ ಆಮೇಲೆ, ತೂಕ ಮೊದಲು. ಡೆಡ್‌ಸ್ನೇಕ್ಸ್ ಅನ್ನುವ ಪಿಪಿಎಯಿಂದ (ಉಬುಂಟುಗೆ ಹೊರಗಿನವರು ಇಟ್ಟಿರುವ ಪ್ಯಾಕೇಜ್ ಭಂಡಾರ) ಪೈಥಾನ್ 3.10ನ್ನು 24.04ರಲ್ಲೇ ಈಗಿರುವ ಪೈಥಾನ್ ಪಕ್ಕದಲ್ಲಿ ಹಾಕಿಕೊಳ್ಳಬಹುದು. ಅದರ ಜೊತೆಗೆ ಅದೇ ಆವೃತ್ತಿಯ ವೆನ್ವ್ ಮತ್ತು ಡೆವ್ ಪ್ಯಾಕೇಜ್‌ಗಳನ್ನೂ ಹಾಕಿ, 3.10ರಿಂದ ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದು ಪ್ರೋಗ್ರಾಂಗೆ ಬೇಕಾದ ಪ್ಯಾಕೇಜ್‌ಗಳನ್ನು ಪ್ರತ್ಯೇಕ ಇಡುವ ಫೋಲ್ಡರ್) ಮಾಡಿ, ಪ್ರೋಗ್ರಾಂ ಅಲ್ಲಿ ಓಡಿಸಿ. ಆದರೆ ಸಿಸ್ಟಮ್‌ನ ಪೈಥಾನ್3 ಲಿಂಕನ್ನು ಮಾತ್ರ ದಯವಿಟ್ಟು 3.10ಕ್ಕೆ ತಿರುಗಿಸಬೇಡಿ. ಉಬುಂಟುವಿನ ಎಷ್ಟೋ ಸ್ವಂತ ಪರಿಕರಗಳು ಅದೇ ಪೈಥಾನ್ ಮೇಲೆ ನಿಂತಿವೆ, ಅವೂ ಕೈಕೊಡುತ್ತವೆ. 3.10ಕ್ಕೆ ಬೆಂಬಲ ಇರುವುದು 2026ರ ಅಕ್ಟೋಬರ್‌ವರೆಗೆ ಮಾತ್ರ, ಹಾಗಾಗಿ ಇದು ಹಂಗಾಮಿ ದಾರಿ.

ಈಗ ಅಸಲು ವಿಷಯ. 22.04ರ ಪೈಥಾನ್ 3.10, 24.04ರದ್ದು 3.12. ನಿಮ್ಮ ಹಳೇ ಎನ್ವಿರಾನ್‌ಮೆಂಟ್ ಒಳಗಿನ ಪೈಥಾನ್ ಅನ್ನುವುದು ಸಿಸ್ಟಮ್ ಪೈಥಾನ್‌ಗೆ ಒಂದು ಲಿಂಕ್, ಅಷ್ಟೆ. ಅಪ್‌ಗ್ರೇಡ್ ಆದ ತಕ್ಷಣ ಅದು 3.12 ಆಯಿತು, 3.12ರ ಹೆಸರಿನ ಫೋಲ್ಡರ್‌ನಲ್ಲಿ ಹುಡುಕತೊಡಗಿತು. ಪ್ಯಾಕೇಜ್‌ಗಳೆಲ್ಲ 3.10ರ ಫೋಲ್ಡರ್‌ನಲ್ಲೇ ಉಳಿದಿವೆ.

ಕಾಪಿ ಮಾಡಿದಾಗ ಪೈಸೀರಿಯಲ್ ಯಾಕೆ ಬಂತು ಅಂದರೆ, ಅದು ಪೂರ್ತಿ ಪೈಥಾನ್‌ನಲ್ಲೇ ಬರೆದದ್ದು. ಸೈಕೋಪಿಜಿ2ರ ಫೋಲ್ಡರ್ ತೆಗೆದು ನೋಡಿ. ‘ಎಸ್ಒ’ ಅಂತ ಕೊನೆಯಾಗುವ ಒಂದು ಫೈಲ್ ಇರುತ್ತೆ, ಅದರ ಹೆಸರಿನ ನಡುವೆ ‘ಸಿಪೈಥಾನ್-310’ ಅಂತ ಕಾಣುತ್ತೆ. 3.12 ಹುಡುಕುವುದು 312 ಇರುವ ಹೆಸರನ್ನು. ಅದಕ್ಕೇ ಫೈಲ್ ಕಣ್ಣೆದುರೇ ಇದ್ದರೂ ‘ಮಾಡ್ಯೂಲ್ ಇಲ್ಲ’ ಅನ್ನುತ್ತೆ. ಹೆಸರಿನಿಂದ 310 ಕಿತ್ತುಹಾಕಿದರೆ ಪೈಥಾನ್ ಅದನ್ನು ಎತ್ತಿಕೊಳ್ಳಲು ನೋಡುತ್ತೆ, ನಿಜ. ಆದರೆ ಒಳಗಿರುವ ಕೋಡ್ 3.10ರ ಒಳರಚನೆಗೆ ಕಟ್ಟಿದ್ದು. ಪ್ರೋಗ್ರಾಂ ಕ್ರ್ಯಾಶ್ ಆಗಬಹುದು, ಅದಕ್ಕಿಂತ ಕೆಟ್ಟದ್ದೆಂದರೆ ಓಡಿಕೊಂಡೇ ತಪ್ಪು ಮಾಡಬಹುದು. ದುಡ್ಡಿನ ಲೆಕ್ಕ ಇರುವ ಕಡೆ ಈ ಸಾಹಸ ಬೇಡವೇ ಬೇಡ.

ಹಾಗಾಗಿ ಹಳೇ ಎನ್ವಿರಾನ್‌ಮೆಂಟನ್ನು ಪಕ್ಕಕ್ಕಿಟ್ಟು 3.12ರಿಂದ ಹೊಸದನ್ನೇ ಮಾಡಿ. ಎನ್ವಿರಾನ್‌ಮೆಂಟ್ ಇಲ್ಲದೆ ನೇರವಾಗಿ ಪಿಪ್ (ಪೈಥಾನ್ ಪ್ಯಾಕೇಜ್ ಹಾಕುವ ಪರಿಕರ) ಓಡಿಸಿದರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಅಂತ ತಡೆಯುತ್ತೆ. ಆ ತಡೆ ಒಳ್ಳೆಯದಕ್ಕೇ ಇದೆ, ಅದನ್ನು ಮೀರುವ ಆಯ್ಕೆಯನ್ನು ಯಾರು ಹೇಳಿಕೊಟ್ಟರೂ ಬಳಸಬೇಡಿ.

ಸೈಕೋಪಿಜಿ2ಗೆ ನನ್ನ ಸಲಹೆ: ವೇಬ್ರಿಡ್ಜ್‌ನಂಥ ಕಡೆ ಅದನ್ನು ನೀವು ಕಂಪೈಲ್ ಮಾಡುವ (ಸೋರ್ಸ್ ಕೋಡನ್ನು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತರುವ) ಗೋಜಿಗೇ ಹೋಗಬೇಡಿ. ಉಬುಂಟುವಿನದೇ ಪ್ಯಾಕೇಜ್ ಇದೆ, ಉಬುಂಟುವಿನ ಇನ್‌ಸ್ಟಾಲರ್ ‘ಆಪ್ಟ್’ ಮೂಲಕ ಹಾಕಿ, ಹೊಸ ಎನ್ವಿರಾನ್‌ಮೆಂಟ್ ಮಾಡುವಾಗ ಸಿಸ್ಟಮ್ ಪ್ಯಾಕೇಜ್‌ಗಳೂ ಕಾಣುವ ಹಾಗೆ ಆಯ್ಕೆ ಕೊಡಿ. ಮುಂದಿನ ಅಪ್‌ಗ್ರೇಡ್‌ನಲ್ಲಿ ಹೊಸ ಪೈಥಾನ್‌ಗೆ ತಕ್ಕಂತೆ ಕಟ್ಟಿದ್ದು ತಾನಾಗಿ ಬರುತ್ತೆ. ಪಿಪ್‌ನಿಂದಲೇ ಬೇಕೆಂದರೆ ಬಿಲ್ಡ್-ಎಸೆನ್ಷಿಯಲ್, ಪೈಥಾನ್3-ಡೆವ್, ಲಿಬ್‌ಪಿಕ್ಯು-ಡೆವ್ ಮೂರೂ ಇರಬೇಕು. ಎರಡನೆಯದು ಇಲ್ಲದಿದ್ದರೆ ‘ಪೈಥಾನ್ ಡಾಟ್ ಎಚ್’ ಸಿಗಲಿಲ್ಲ ಅನ್ನುತ್ತೆ, ಮೂರನೆಯದು ಇಲ್ಲದಿದ್ದರೆ ‘ಪಿಜಿ ಕಾನ್ಫಿಗ್’ ಇಲ್ಲ ಅನ್ನುತ್ತೆ. ರಿಕ್ವೈರ್‌ಮೆಂಟ್ಸ್ ಫೈಲ್‌ನಲ್ಲಿ (ಬೇಕಾದ ಪ್ಯಾಕೇಜ್‌ಗಳ ಪಟ್ಟಿ) ಹಳೇ ಆವೃತ್ತಿಯ ನಂಬರ್ ಕಟ್ಟಿಹಾಕಿದ್ದೀರಾ ಅಂತಲೂ ನೋಡಿ. ಸೈಕೋಪಿಜಿ2 3.12ನ್ನು ಬೆಂಬಲಿಸಿದ್ದು 2.9.9ರಿಂದ, ನಂಪೈ (ಅಂಕಿಗಳ ಲೆಕ್ಕದ ಪ್ಯಾಕೇಜ್) 1.26ರಿಂದ. ನಂಪೈಗೆ ಅದಕ್ಕಿಂತ ಹಳೇ ನಂಬರ್ ಬರೆದಿದ್ದರೆ ಪಿಪ್‌ಗೆ ಸಿದ್ಧ ವೀಲ್ (ಮೊದಲೇ ಕಂಪೈಲ್ ಮಾಡಿಟ್ಟ ಪ್ಯಾಕೇಜ್) ಸಿಗದೆ ಸೋರ್ಸ್ ಇಳಿಸಿ ಕಂಪೈಲ್‌ಗೆ ಇಳಿಯುತ್ತೆ, ಪರದೆ ತುಂಬ ಕೆಂಪು ಅಕ್ಷರ ಬರುತ್ತೆ. ತಪ್ಪು ಕಂಪೈಲರ್‌ದಲ್ಲ, ಆ ನಂಬರ್‌ದು.

ಕೆಂಪು ಅಕ್ಷರ ಬಂದಾಗ ಕೊನೇ ಸಾಲನ್ನು ಹಿಡಿದು ಹುಡುಕಬೇಡಿ. ಕೊನೆಯಲ್ಲಿ ಪಿಪ್ ಹೇಳುವುದು ‘ಬಿಲ್ಡ್ ಆಗಲಿಲ್ಲ’ ಅಂತ ಮಾತ್ರ, ಅದು ಎಲ್ಲರಿಗೂ ಒಂದೇ. ಇಡೀ ಔಟ್‌ಪುಟನ್ನು ಒಂದು ಫೈಲ್‌ಗೆ ಉಳಿಸಿ, ಮೇಲಿನಿಂದ ಓದುತ್ತಾ ಬನ್ನಿ, ‘ಎರರ್’ ಅಂತ ಮೊದಲು ಬಂದ ಕಡೆ ನಿಲ್ಲಿ. ಕೆಳಗಿನದೆಲ್ಲ ಬಹುಪಾಲು ಅದರ ಪರಿಣಾಮ.

ಇನ್ನು ನಿಮ್ಮ ಸ್ವಂತ ಎಕ್ಸ್‌ಟೆನ್ಷನ್. ಡಿಸ್ಟ್‌ಯುಟಿಲ್ಸನ್ನು 3.12ರಿಂದ ತೆಗೆದೇ ಹಾಕಿದ್ದಾರೆ. ಅದರ ಬದಲಿಗೆ ಬಳಸುವ ಸೆಟಪ್‌ಟೂಲ್ಸ್ ಕೂಡ ಹೊಸ ಎನ್ವಿರಾನ್‌ಮೆಂಟ್‌ನಲ್ಲಿ ತಾನಾಗಿ ಬರುವುದಿಲ್ಲ, ಪಿಪ್‌ನಿಂದ ಹಾಕಿಕೊಳ್ಳಬೇಕು. ಆಮೇಲೆ ಸೆಟಪ್ ಫೈಲ್‌ನ ಮೇಲ್ಗಡೆ ಡಿಸ್ಟ್‌ಯುಟಿಲ್ಸ್‌ನಿಂದ ಇಂಪೋರ್ಟ್ ಮಾಡಿರುವ ಸಾಲನ್ನು ಸೆಟಪ್‌ಟೂಲ್ಸ್‌ಗೆ ಬದಲಿಸಿ. ಹಳೇ ಬಿಲ್ಡ್ ಫೋಲ್ಡರ್, ಹಳೇ ಎಸ್ಒ ಫೈಲ್ ಎರಡನ್ನೂ ಬೇರೆ ಕಡೆ ಎತ್ತಿಟ್ಟು ಹೊಸದಾಗಿ ಬಿಲ್ಡ್ ಮಾಡಿ.

ಇಲ್ಲಿ ಒಂದು ಕಡೆ ತುಂಬಾ ಜನ ಎಡವುತ್ತಾರೆ. ಬಿಲ್ಡ್ ಮುಗಿಯುತ್ತೆ, ಫೈಲೂ ಬರುತ್ತೆ, ಇಂಪೋರ್ಟ್ ಮಾಡಿದರೆ ‘ಅನ್‌ಡಿಫೈನ್ಡ್ ಸಿಂಬಲ್’, ಅಂದರೆ ಕೋಡ್ ಕರೆಯುವ ಹೆಸರು ಎಲ್ಲೂ ಸಿಗಲಿಲ್ಲ. ಉದಾಹರಣೆಗೆ ‘ಪೈಯೂನಿಕೋಡ್_ಆ್ಯಸ್‌ಯೂನಿಕೋಡ್’ ಅನ್ನುವ ಹಳೇ ಫಂಕ್ಷನ್ 3.12ರಲ್ಲಿ ಇಲ್ಲ. 24.04ರ ಕಂಪೈಲರ್ ಜಿಸಿಸಿ 13. ಗೊತ್ತಿಲ್ಲದ ಫಂಕ್ಷನ್ ಕಂಡರೆ ಅದು ಸಾಮಾನ್ಯವಾಗಿ ‘ಇಂಪ್ಲಿಸಿಟ್ ಡಿಕ್ಲರೇಶನ್’ ಅಂತ ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತೆ, ಜಿಸಿಸಿ 14ರಿಂದ ಮಾತ್ರ ಅದು ಎರರ್. ಹೀಗಾಗಿ ಬಿಲ್ಡ್ ಹೊತ್ತಿನಲ್ಲಿ ಬಂದ ಆ ವಾರ್ನಿಂಗನ್ನು ಎರರ್ ಅಂತಲೇ ತಿಳಿದು ಕೋಡ್ ತಿದ್ದಿ. ಎರರ್‌ನಲ್ಲಿ ‘ಓಬಿ_ಡಿಜಿಟ್’ ಅನ್ನುವ ಹೆಸರು ಕಂಡರೆ ಆ ಸಿ ಫೈಲ್ ಬಹುಶಃ ಹಳೇ ಸೈಥಾನ್ (ಪೈಥಾನ್‌ನಂಥ ಕೋಡನ್ನು ಸಿ ಭಾಷೆಗೆ ತಿರುಗಿಸುವ ಪರಿಕರ) ಹುಟ್ಟಿಸಿದ್ದು. ಅದನ್ನು ಕೈಯಿಂದ ತಿದ್ದಲು ಕೂರಬೇಡಿ, ಮೂಲ ಪಿವೈಎಕ್ಸ್ ಫೈಲ್‌ನಿಂದ ಸೈಥಾನ್ 3ರಲ್ಲಿ ಮತ್ತೆ ಹುಟ್ಟಿಸಿ.

ಲೋಡ್ ಆಗುವಾಗ ಯಾವುದೋ ಲೈಬ್ರರಿ ಇಲ್ಲ ಅಂದರೆ ಎಸ್ಒ ಫೈಲ್ ಮೇಲೆ ‘ಎಲ್‌ಡಿಡಿ’ (ಫೈಲ್‌ಗೆ ಬೇಕಾದ ಲೈಬ್ರರಿಗಳನ್ನು ತೋರಿಸುವ ಕಮಾಂಡ್) ಓಡಿಸಿ, ‘ನಾಟ್ ಫೌಂಡ್’ ಅಂತ ಬರುವ ಸಾಲು ನೋಡಿ. ಆ ಫೈಲ್ 20.04ರ ಕಾಲದ್ದಾಗಿದ್ದರೆ ಓಪನ್‌ಎಸ್‌ಎಸ್‌ಎಲ್ (ಎನ್‌ಕ್ರಿಪ್ಷನ್ ಲೈಬ್ರರಿ) 1.1 ಕೇಳಬಹುದು, 22.04ರಿಂದ ಇರುವುದು 3. ಎಲ್ಲಿಂದಲೋ ಹಳೇ 1.1 ತಂದು ಹಾಕಬೇಡಿ. 1.1.1ರ ಬೆಂಬಲ 2023ರ ಸೆಪ್ಟೆಂಬರ್‌ನಲ್ಲೇ ನಿಂತಿದೆ. ಮತ್ತೆ ಕಂಪೈಲ್ ಮಾಡುವುದೇ ಸರಿ.

ಸಿ ಸೋರ್ಸ್ ಸಿಗದೆ ಎಸ್ಒ ಫೈಲ್ ಮಾತ್ರ ಉಳಿದಿದ್ದರೆ 3.12ಕ್ಕೆ ಅದು ಬರುವುದಿಲ್ಲ. ಆದರೂ ಎದೆಗುಂದಬೇಡಿ. ಎಷ್ಟೋ ಇಂಡಿಕೇಟರ್‌ಗಳು ತೂಕವನ್ನು ಸಾದಾ ಅಂಕಿಗಳ ಸಾಲಾಗಿ ಸೀರಿಯಲ್ ಪೋರ್ಟ್‌ಗೆ ಕಳಿಸುತ್ತವೆ. ಅದರ ಕೈಪಿಡಿಯಲ್ಲಿ ಬಾಡ್ ರೇಟ್ (ಪೋರ್ಟ್‌ನಲ್ಲಿ ಮಾಹಿತಿ ಹರಿಯುವ ವೇಗ) ನೋಡಿಕೊಂಡು ಪೈಸೀರಿಯಲ್‌ನಿಂದ ಒಂದಿಷ್ಟು ಸಾಲು ಓದಿ ಇಲ್ಲಿ ಹಾಕಿ, ಯಾವ ಅಂಕಿ ಎಲ್ಲಿ ಕೂತಿದೆ ಅಂತ ನೋಡಿ ಹೇಳುತ್ತೇನೆ. ಹಾಗಾದರೆ ಆ ಎಕ್ಸ್‌ಟೆನ್ಷನ್ನೇ ಬೇಕಾಗುವುದಿಲ್ಲ. ಯಾವ ದಾರಿ ಹಿಡಿದರೂ ಮೊದಲ ಸ್ಲಿಪ್ ಹರಿದು ಕೊಡುವ ಮುಂಚೆ ಖಾಲಿ ಗಾಡಿ, ತುಂಬಿದ ಗಾಡಿ ಎರಡನ್ನೂ ಹತ್ತಿಸಿ, ಇಂಡಿಕೇಟರ್ ತೋರಿಸುವ ಅಂಕಿಯೂ ಪರದೆ ಮೇಲಿನ ಅಂಕಿಯೂ ಒಂದೇನಾ ಅಂತ ರೈತರ ಎದುರಿಗೇ ನೋಡಿ.