ಕಾರ್ಡಿನಲ್ಲಿ ಪಾಸಿಟಿವ್, ರಿಪೋರ್ಟಿನಲ್ಲಿ ನೆಗೆಟಿವ್

ಪ್ರಶ್ನೆ: ಕಾಲೇಜಿನಲ್ಲಿದ್ದಾಗ ಮಂಡ್ಯದ ಶಿಬಿರವೊಂದರಲ್ಲಿ ರಕ್ತ ಕೊಟ್ಟಿದ್ದೆ. ಕಾರ್ಡಿನಲ್ಲಿ ಬಿ ಪಾಸಿಟಿವ್ ಎಂದಿದೆ. ಈಗ ನನಗೆ ಆರು ತಿಂಗಳು. ಮೈಸೂರಿನ ಲ್ಯಾಬಿನವರು ಬಿ ನೆಗೆಟಿವ್ ಎಂದು ಬರೆದಿದ್ದಾರೆ. ‘ಯಾರದೋ ರಕ್ತ ನಿನ್ನ ಹೆಸರಿಗೆ ಬಂದಿದೆ’ ಅಂತಾರೆ ಅತ್ತೆ. ಯಾವುದನ್ನು ನಂಬಲಿ ಮೇಡಂ?
– ಓದುಗರು, ಮದ್ದೂರು

ಉತ್ತರ: ನೋಡಮ್ಮ, ನಿಮ್ಮ ಅತ್ತೆಯವರ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ. ಸ್ಯಾಂಪಲ್ ಅದಲುಬದಲಾಗುವುದು ಉಂಟು. ಬ್ಲಡ್ ಬ್ಯಾಂಕ್ ಇರುವ ಆಸ್ಪತ್ರೆಗೆ ಹೋಗಿ, ಹೊಸದಾಗಿ ಸ್ಯಾಂಪಲ್ ಕೊಟ್ಟು ಇನ್ನೊಮ್ಮೆ ನೋಡಿಸಿ. ಆದರೆ ಎರಡು ರಿಪೋರ್ಟೂ ಸರಿ ಇರಬಹುದು. ಬ್ಲಡ್ ಬ್ಯಾಂಕಿನಲ್ಲಿ ಇಂಥದ್ದನ್ನು ನಾವು ನೋಡುತ್ತಿರುತ್ತೇವೆ.

ಪಾಸಿಟಿವ್ ಅಂದರೆ ಕೆಂಪು ಕಣದ ಮೈಮೇಲೆ ಡಿ ಎಂಬ ಪ್ರೋಟೀನ್ ಇದೆ ಅಂತ. ಅದನ್ನು ಮಾಡಿಸುವುದು ಆರ್‌ಎಚ್‌ಡಿ ಎಂಬ ಜೀನ್. ಕೆಲವರಲ್ಲಿ ಈ ಜೀನು ಸ್ವಲ್ಪ ಬೇರೆ ಥರ ಇರುತ್ತದೆ. ಡಿ ತಯಾರಾಗುತ್ತದೆ, ಆದರೆ ತೀರಾ ಕಮ್ಮಿ. ಇದಕ್ಕೆ ವೀಕ್ ಡಿ ಅಂತೀವಿ. ಇನ್ನು ಕೆಲವರ ಡಿಯಲ್ಲಿ ಒಂದು ಭಾಗವೇ ಇರುವುದಿಲ್ಲ. ಅದು ಪಾರ್ಷಿಯಲ್ ಡಿ.

ಸ್ಲೈಡಿನ ಮೇಲೆ ಒಂದು ಹನಿ ರಕ್ತ, ಒಂದು ಹನಿ ಆಂಟಿ-ಡಿ (ಡಿಗೆ ಅಂಟಿಕೊಳ್ಳುವ ದ್ರವ) ಹಾಕಿ ಕಡ್ಡಿಯಲ್ಲಿ ಕಲಸುತ್ತಾರೆ. ಡಿ ಚೆನ್ನಾಗಿದ್ದರೆ ರಕ್ತ ರವೆರವೆಯಾಗಿ ಒಡೆಯುತ್ತದೆ. ವೀಕ್ ಡಿ ಇದ್ದರೆ ಎಷ್ಟೋ ಸಲ ಹಾಗೇ ನುಣ್ಣಗೆ ಉಳಿದುಬಿಡುತ್ತದೆ. ಲ್ಯಾಬಿನವರು ನೆಗೆಟಿವ್ ಎಂದು ಬರೆಯುತ್ತಾರೆ. ದಾನಿಯ ರಕ್ತ ನೆಗೆಟಿವ್ ಕಂಡರೆ ಬ್ಲಡ್ ಬ್ಯಾಂಕಿನವರು ಅಲ್ಲಿಗೇ ಬಿಡುವುದಿಲ್ಲ. 37 ಡಿಗ್ರಿ ಶಾಖದಲ್ಲಿಟ್ಟು, ಕಣಕ್ಕೆ ಅಂಟಿದ ಆಂಟಿ-ಡಿಯನ್ನು ತೋರಿಸಿಕೊಡುವ ಕೂಂಬ್ಸ್ ಸೀರಂ ಹಾಕಿ ಮತ್ತೆ ನೋಡುತ್ತಾರೆ. ಅಡಗಿದ್ದ ಡಿ ಆಗ ಸಿಕ್ಕಿಬೀಳುತ್ತದೆ.

ಇಷ್ಟು ಹುಡುಕುವುದು ಸುಮ್ನೆ ಅಲ್ಲ. ನಿಮ್ಮ ರಕ್ತ ನಿಜವಾದ ನೆಗೆಟಿವ್ ಇರುವವರಿಗೆ ಹೋದರೆ, ಆ ಚೂರು ಡಿಗೂ ಅವರ ದೇಹ ಆಂಟಿಬಾಡಿ, ಅಂದರೆ ಅದನ್ನು ಎದುರಿಸುವ ಪ್ರೋಟೀನ್, ಮಾಡಬಹುದು. ಅದಕ್ಕೇ ನೀವು ಕೊಟ್ಟ ಬಾಟಲಿಗೆ ಪಾಸಿಟಿವ್ ಚೀಟಿ. ನೀವೇ ರಕ್ತ ತೆಗೆದುಕೊಳ್ಳಬೇಕಾದಾಗ ಲೆಕ್ಕ ತಿರುಗುತ್ತದೆ. ಪಾರ್ಷಿಯಲ್ ಡಿ ಇದ್ದವರಿಗೆ ಪಾಸಿಟಿವ್ ರಕ್ತ ಕೊಟ್ಟರೆ, ತಮ್ಮಲ್ಲಿಲ್ಲದ ಭಾಗದ ಮೇಲೆ ಆಂಟಿಬಾಡಿ ಬೆಳೆಯಬಹುದು. ಆದ್ದರಿಂದ ನಿಮಗೆ ನೆಗೆಟಿವ್ ರಕ್ತವೇ ಕ್ಷೇಮ. ವೀಕ್ ಡಿ 1, 2, 3 ಎಂಬ ಬಗೆಯವರಿಗೆ ಪಾಸಿಟಿವ್ ಕೊಡಬಹುದು ಅನ್ನುವುದು ಯೂರೋಪಿನ ಅನುಭವ. ನಮ್ಮ ದೇಶದಲ್ಲಿ ಆ ಬಗೆಗಳು ಕಡಿಮೆ. ಜೀನ್ ಪರೀಕ್ಷೆ ಮಾಡಿಸದೆ ಆ ಮಾತನ್ನು ನಂಬಿಕೊಳ್ಳಬೇಡಿ.

ಈಗ ಮುಖ್ಯ ವಿಷಯ. ಆರು ತಿಂಗಳು ಅಂದರೆ 28ನೇ ವಾರ ಹತ್ತಿರವೇ ಇದೆ, ಅಲ್ವಾ? ಕಾರ್ಡು, ರಿಪೋರ್ಟು ಎರಡನ್ನೂ ಈ ವಾರವೇ ಹೆರಿಗೆ ಡಾಕ್ಟರಿಗೆ ತೋರಿಸಿ. ಮಗುವಿನ ರಕ್ತ ಪಾಸಿಟಿವ್ ಇದ್ದರೆ ಅದರ ಡಿಗೂ ನಿಮ್ಮ ದೇಹ ಆಂಟಿಬಾಡಿ ಮಾಡಬಹುದು. ಇನ್‌ಡೈರೆಕ್ಟ್ ಕೂಂಬ್ಸ್ ಪರೀಕ್ಷೆಯಲ್ಲಿ ನಿಮ್ಮ ರಕ್ತದಲ್ಲಿ ಆಂಟಿಬಾಡಿ ಇಲ್ಲ ಎಂದು ಗೊತ್ತಾದರೆ, ಅದು ಬೆಳೆಯದಂತೆ 28ನೇ ವಾರಕ್ಕೆ ಆಂಟಿ-ಡಿ ಇಂಜೆಕ್ಷನ್ ಕೊಡುತ್ತಾರೆ. ಮಗು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು. ಯಜಮಾನರ ಗ್ರೂಪ್ ಯಾವುದೆಂದು ನೀವು ಬರೆದಿಲ್ಲ. ಅವರು ಪಾಸಿಟಿವ್ ಆದರೆ ಮಗುವೂ ಪಾಸಿಟಿವ್ ಇರಬಹುದು. ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅದೇ ದಿನ ಅವರದ್ದನ್ನೂ ನೋಡಿಸಿಬಿಡಿ.